ಗಾಜಿನಾಚೆಯ ಕೆಂಪು ಬೈಕು

ಕನ್ನಡಕ ತೆಗೆದರೆ ಅವಳಿಗೆ ಎದುರಿನವರ ಮುಖ ಬರೀ ಮಬ್ಬು. ಹಾಗಾಗಿ ಕನ್ನಡಕದಂಗಡಿಯವನು ಅವಳ ಕಿವಿಯ ಹಿಂದೆ ಬೆರಳಿಟ್ಟು ಹೊಸ ಖಾಲಿ ಫ್ರೇಮು ಸರಿಮಾಡುವಾಗ ಅವಳಿಗೆ ಒಂದು ಬಗೆಯ ಧೈರ್ಯ. ಅವನು ಎಷ್ಟು ಹತ್ತಿರವಿದ್ದಾನೆಂದು ಕಾಣದಿದ್ದರೆ ಹೆದರಿಕೆಯೂ ಅರ್ಧ.

"ಬಿಗಿ ಆಯ್ತಾ?"

"ಇಲ್ಲ."

"ಕಿವಿ ಕೆಂಪಗಾಗಿದೆ."

"ಅದು ಬಿಗಿಯಾಗಿ ಅಲ್ಲ," ಎಂದುಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು.

ಅವನು ಆ ಫ್ರೇಮು ತೆಗೆದು, ಹಳೆಯ ಕನ್ನಡಕವನ್ನು ಮೆಲ್ಲಗೆ ಅವಳ ಮೂಗಿನ ಮೇಲೆ ಕೂರಿಸಿದ. ಮಬ್ಬು ಹೋಗಿ ಮುಖ ಬಂತು. ಆ ಮುಖದಲ್ಲಿ ಏನೋ ಹೇಳಲು ಹೊರಟು ಅರ್ಧಕ್ಕೆ ನಿಂತ ಮುಗುಳ್ನಗೆ.

"ಶನಿವಾರ ಮಧ್ಯಾಹ್ನ ಬಿಡುವಿದ್ಯಾ? ಎದುರುಗಡೆ ಶೋರೂಮಿಗೆ ಬರಬೇಕಿತ್ತು ನೀವು. ಆ ಕೆಂಪು ಇಟಾಲಿಯನ್ ಬೈಕ್ ಇದೆಯಲ್ಲ, ಅದನ್ನ ತಗೊಳ್ಳೋಣ ಅಂತ."

"ನಿಮಗೆ ಬೈಕ್ ಓಡಿಸೋಕೆ ಬರುತ್ತಾ?"

"ಕಲೀತಾ ಇದೀನಿ. ಮೊನ್ನೆಯಷ್ಟೇ ಲೈಸೆನ್ಸ್ ಬಂತು," ಎಂದ ಅವನು, ಪರೀಕ್ಷೆ ಪಾಸಾದ ಮಗುವಿನಂತೆ.

ಅವಳ ಕೆಲಸ ಫಿಸಿಯೋಥೆರಪಿ. ಬೈಕಿನಿಂದ ಬಿದ್ದವರು ಆಸ್ಪತ್ರೆ ಮುಗಿಸಿ ಬರುವುದು ಅವಳ ಕೋಣೆಗೇ. ಮಂಡಿ ಮಡಚಲು ಹಲ್ಲುಕಚ್ಚುವವರನ್ನು, ಮತ್ತೆ ನಡೆಯಲು ಕಲಿಯುತ್ತ ಅವಳ ಭುಜ ಹಿಡಿದು ಅಳುವವರನ್ನು ಅವಳು ದಿನವೂ ನೋಡುತ್ತಾಳೆ. ಆ ಕೋಣೆಯ ಮಂಚದ ಮೇಲೆ ಈಗ ಇವನ ಕಾಲು ಕಂಡಂತಾಯಿತು.

ಅವನು ಲೆನ್ಸು ತರಲು ಒಳಗೆ ಹೋದಾಗ, ಕೌಂಟರಿನಲ್ಲಿದ್ದ ಅವನ ಅಕ್ಕ ಮುಂದೆ ಬಾಗಿ ದನಿ ತಗ್ಗಿಸಿದಳು.

"ನೀವಾದ್ರೂ ಬುದ್ಧಿ ಹೇಳಿ. ಚಿಕ್ಕವನಿದ್ದಾಗ ಸೈಕಲ್ ಇಳಿಜಾರಲ್ಲಿ ಹೋದ್ರೆ ಬ್ರೇಕ್ ಹಿಡಿಯೋ ಬದಲು ಕಣ್ಣು ಮುಚ್ಕೊಳ್ತಿದ್ದ. ಅಂಥವನಿಗೆ ಈ ಬೈಕು. ಮೂಗಿಗಿಂತ ಮೂಗುತಿ ಭಾರ."

"ಇದ್ದಕ್ಕಿದ್ದಂಗೆ ಯಾಕಂತೆ?"

"ಇನ್ಯಾಕೆ? ಯಾರೋ ಹುಡುಗಿ. ಅವಳಿಗೆ ಆ ಬೈಕ್ ಕಂಡ್ರೆ ಪ್ರಾಣವಂತೆ. ಹೆಸರು ಕೇಳಿದ್ರೆ ಬಾಯಿ ಬಿಡಲ್ಲ."

ಆ ವಾರವೆಲ್ಲ ಅವಳಿಗೆ ಅದೇ ಯೋಚನೆ. ಅವನು ಬೀಳುತ್ತಾನೆ ಎಂಬ ಭಯ ಒಂದು ಕಡೆ. ಇನ್ನೊಬ್ಬಳಿಗಾಗಿ ಬೀಳುತ್ತಾನೆ ಎಂಬ ಸಂಕಟ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚೆಂದು ಕೇಳಿಕೊಳ್ಳಲು ಅವಳಿಗೇ ನಾಚಿಕೆ.

ಅವಳಿಗೂ ಒಂದು ಗುಟ್ಟಿತ್ತು. ಕೆಲಸ ಮುಗಿಸಿ ಮನೆಗೆ ಹೋಗುವಾಗ ದಿನವೂ ಅವಳು ಆ ಶೋರೂಮಿನ ಮುಂದೆ ನಿಲ್ಲುತ್ತಿದ್ದಳು. ಬೈಕ್ ನೋಡಲು ಅಲ್ಲ. ಆ ದೊಡ್ಡ ಗಾಜಿನಲ್ಲಿ ರಸ್ತೆಯಾಚೆಯ ಕನ್ನಡಕದಂಗಡಿ ಪೂರ್ತಿ ಕಾಣುತ್ತಿತ್ತು. ಅವನು ಲೆನ್ಸನ್ನು ಬೆಳಕಿಗೆ ಹಿಡಿಯುವುದು, ಅಕ್ಕನ ಮಾತಿಗೆ ತಲೆಯಾಡಿಸುವುದು. ನೇರವಾಗಿ ನೋಡುವ ಎದೆಗಾರಿಕೆಯಿಲ್ಲದವಳಿಗೆ ಅಷ್ಟೇ ಹಬ್ಬ.

ಶನಿವಾರ ಬಂತು. ಹೋಗಬಾರದೆಂದುಕೊಂಡೇ ಹೋದಳು.

ಅವಳು ಗಾಜಿನ ಒಳಗೆ ಬಂದು ಆ ಬೈಕನ್ನು ನೋಡಿದ್ದು ಅದೇ ಮೊದಲ ಸಲ. ನಿಂತಲ್ಲೇ ಹಾರಲು ಹೊಂಚುಹಾಕಿದ ಹಾಗಿತ್ತು. ಅವನು ಸೀಟಿಗೇರಿದ. ಕಾಲಿನ ತುದಿಬೆರಳಷ್ಟೇ ನೆಲಕ್ಕೆ ತಾಗಿತು. ಹ್ಯಾಂಡಲ್ ಹಿಡಿಯಲು ಹೊಟ್ಟೆ ಟ್ಯಾಂಕಿಗೆ ಒತ್ತುವಂತೆ ಬಗ್ಗಬೇಕಾಯಿತು. ಹಣೆಯಲ್ಲಿ ಬೆವರು. ಆದರೂ ಕಣ್ಣು ಮಾತ್ರ ಅವಳ ಮೇಲೆ.

"ಹೇಗಿದೆ?"

"ನೀವು ಹೇಳಬೇಕು. ಕೂತಿರೋರು ನೀವು."

ಶೋರೂಮಿನ ಸೇಲ್ಸ್ ಮೇಡಂ ನಿರ್ದಾಕ್ಷಿಣ್ಯದ ಹೆಂಗಸು. "ಸರ್, ಮಾರೋದು ನನ್ನ ಕೆಲಸ. ಆದ್ರೂ ಹೇಳ್ತೀನಿ, ಇದು ರೇಸ್ ಟ್ರ್ಯಾಕ್ ಮನಸಲ್ಲಿಟ್ಟು ಮಾಡಿದ ಗಾಡಿ. ಹೊಸಬರ ಕೈ ಸ್ವಲ್ಪ ಜಾಸ್ತಿ ತಿರುಗಿದ್ರೂ ಕ್ಷಮಿಸಲ್ಲ. ಇದೇ ಕಂಪನಿದು, ಸಣ್ಣ ಎಂಜಿನ್ ಇರೋದು ಅಲ್ಲಿದೆ ನೋಡಿ, ಹಳದಿದು. ಸೀಟು ತಗ್ಗು, ಬೆನ್ನು ನೆಟ್ಟಗಿರುತ್ತೆ. ಮೊದಲು ಅದನ್ನ ಓಡಿಸಿ."

ಅವನು ಹಳದಿ ಬೈಕನ್ನು ನೋಡಲೇ ಇಲ್ಲ. "ನಿಮಗೆ ಯಾವ್ದು ಇಷ್ಟ?" ಎಂದು ಅವಳನ್ನೇ ಕೇಳಿದ.

ಅವಳಿಗೆ ತಡೆಯಲಾಗಲಿಲ್ಲ. "ನನ್ನನ್ಯಾಕೆ ಕೇಳ್ತೀರಾ? ಆ ಹುಡುಗೀನ ಕೇಳಿ."

"ಯಾವ ಹುಡುಗಿ?"

"ಈ ಬೈಕ್ ಕಂಡ್ರೆ ಪ್ರಾಣ ಬಿಡೋಳು. ನಿಮ್ಮಕ್ಕ ಹೇಳಿದ್ರು."

ಅವನು ಕೆಳಗಿಳಿದ. ಮುಖ ಬೈಕಿಗಿಂತ ಕೆಂಪಾಗಿತ್ತು. ಸೇಲ್ಸ್ ಮೇಡಂ ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡಿ, ಫೋನ್ ಬಂದವರಂತೆ ಆಚೆ ಸರಿದಳು.

"ದಿನಾ ಸಂಜೆ ಗಾಜಿನ ಮುಂದೆ ನಿಂತು ಇದನ್ನೇ ನೋಡ್ತಿದ್ರಲ್ಲ," ಎಂದ ಅವನು, ನೆಲ ನೋಡುತ್ತ. "ನಾನು ಅಂಗಡಿಯಿಂದ ನಿಮ್ಮ ಬೆನ್ನು ನೋಡ್ತಿದ್ದೆ. ನಂಗೆ ಬೈಕ್ ಅಂದ್ರೆ ಭಯ. ಆದ್ರೆ ನೀವು ಒಂದ್ಸಲನಾದ್ರೂ ಹಾಗೆ ತಿರುಗಿ ನನ್ನ ನೋಡಲಿ ಅನ್ನಿಸ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿದವು. ಅವನ ತೋಳು ಹಿಡಿದು ಹೊರಗೆ ಕರೆದೊಯ್ದು, ತಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದಳು.

"ಈಗ ನೋಡಿ. ಏನು ಕಾಣುತ್ತೆ?"

ಅವನು ಬಹಳ ಹೊತ್ತು ಗಾಜು ನೋಡಿದ. ಅದರಲ್ಲಿ ಅವನ ಅಕ್ಕ ಕೌಂಟರು ಒರೆಸುತ್ತಿದ್ದಳು.

"ನಮ್ಮ ಅಂಗಡಿ," ಎಂದ, ಮೆಲ್ಲಗೆ.

"ನೀವು ಹೇಳೋವರೆಗೂ ಬೈಕ್ ಯಾವ ಬಣ್ಣ ಅಂತಾನೂ ನಾನು ಸರಿಯಾಗಿ ನೋಡಿರಲಿಲ್ಲ. ಬೈಕ್ ಬೇಡ. ಮನೆಗೆ ನಡೀರಿ."

ಅವನು ಮಾತ್ರ ಕದಲಲಿಲ್ಲ. "ಒಂದು ಮಾತು ಹೇಳಲಾ? ಶುರು ಮಾಡಿದ್ದು ನಿಮಗೋಸ್ಕರ. ಆದ್ರೆ ಕಲೀತಾ ಕಲೀತಾ ನಂಗೂ ಇಷ್ಟ ಆಗೋಯ್ತು. ಜೀವನದಲ್ಲಿ ಮೊದಲನೇ ಸಲ ಕಣ್ಣು ಮುಚ್ಚದೆ ಇಳಿಜಾರು ಇಳಿದೆ. ಬೇಡ ಅಂತ ನೀವಂದ್ರೆ ಬಿಡ್ತೀನಿ."

ಅವಳ ಬಾಯಿಗೆ ಮತ್ತೆ ಬಂದಿದ್ದು 'ಬೇಡ' ಎಂಬ ಮಾತೇ. ಅದನ್ನು ಹೇಳಿದ್ದರೆ ಅವನು ನಕ್ಕು ಒಪ್ಪುತ್ತಿದ್ದ. ಆದರೆ ಇಳಿಜಾರಿನ ಮಾತಾಡುವಾಗ ಅವನ ಮುಖದಲ್ಲಿ ಬಂದ ಬೆಳಕು ಆರುತ್ತಿತ್ತು. ಅದನ್ನು ಆರಿಸುವ ಕೈ ತನ್ನದಾಗುವುದು ಅವಳಿಗೆ ಬೇಕಿರಲಿಲ್ಲ.

"ಹಳದಿದು," ಎಂದಳು. "ಕಾಲು ಪೂರ್ತಿ ನೆಲಕ್ಕೆ ತಾಗಬೇಕು. ಮಂಡಿಗೆ ಗಾರ್ಡ್, ಕೈಗೆ ಗ್ಲೌಸ್. ನಾನು ನೋಡಿ ಸರಿ ಅಂದಮೇಲೇ ಹೊರಡಬೇಕು."

ಅವನು ಟೆಸ್ಟ್ ರೈಡಿಗೆ ಹೊರಟ. ಒಂದು ಸುತ್ತು ಹೋಗಿ ಬರುವುದಷ್ಟೆ. ಹಳದಿ ಬೈಕು ತಿರುವಿನಲ್ಲಿ ಮರೆಯಾಯಿತು. ಎಂಜಿನ್ ಸದ್ದು ಸಣ್ಣದಾಗಿ, ಆಮೇಲೆ ಇಲ್ಲವಾಯಿತು. ಅವಳು ಫುಟ್‌ಪಾತಿನ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಳು. ಲಾರಿ ಹಾರ್ನ್ ಹೊಡೆದರೆ ಬೆಚ್ಚಿದಳು. ಎಲ್ಲೋ ಬ್ರೇಕು ಕಿರುಚಿದರೆ ಕಣ್ಣು ಮುಚ್ಚಿದಳು. ಆಚೆ ಬದಿಯಲ್ಲಿ ಅಕ್ಕನೂ ಅಂಗಡಿಯ ಮೆಟ್ಟಿಲಿಗೆ ಬಂದು, ಒರೆಸುವ ಬಟ್ಟೆ ಹಿಂಡುತ್ತ ನಿಂತಿದ್ದಳು. ಬರಬೇಕಾದ ಹೊತ್ತು ಮೀರಿತು. ಅವನು ಬರಲಿಲ್ಲ.

ಓಡಿಹೋಗಿ ನೋಡೋಣವೆಂದು ಹೆಜ್ಜೆಯೆತ್ತಿದಾಗ ಆ ಸದ್ದು ಮತ್ತೆ ಕೇಳಿಸಿತು. ಅವನು ಬಂದ. ನೆಟ್ಟಗೆ ಕೂತು, ತುಂಬಿದ ಕೊಡ ಹೊತ್ತವನಂತೆ ನಿಧಾನವಾಗಿ. ಬಾಗಿಲ ಮುಂದೆ ಎಂಜಿನ್ ಗಕ್ಕನೆ ಆಫ್ ಆಯಿತು. ಎರಡೂ ಕಾಲು ನೆಲಕ್ಕೂರಿದ.

"ರೈಲ್ವೆ ಗೇಟ್ ಹಾಕಿತ್ತು," ಎಂದ ಹೆಲ್ಮೆಟ್ಟಿನೊಳಗಿಂದ.

ಅವಳು ಹೆಲ್ಮೆಟ್ಟಿನ ಪಟ್ಟಿಗೆ ಕೈಹಾಕಿದಳು. ಕ್ಲಿಪ್ಪು ಎರಡು ಸಲ ಜಾರಿತು. ಅವನು ಗದ್ದ ಎತ್ತಿ, ಮಗುವಿನಂತೆ ಕಾದ. ಕೊನೆಗೂ ಹೆಲ್ಮೆಟ್ಟು ಬಂತು. ಬೆವರಿನ ಮುಖ, ಕೆದರಿದ ಕೂದಲು, ಕಣ್ಣಲ್ಲಿ ಹುಚ್ಚು ಸಂತೋಷ.

"ಗೇಟ್ ಹಾಕಿದ್ರೆ ಒಂದು ಫೋನ್ ಮಾಡೋಕೇನು ದಾಡಿ ನಿನಗೆ? ನನ್ನ ಜೀವ ಹೋಗ್ತಿತ್ತು ಇಲ್ಲಿ, ಗೊತ್ತಾ ನಿಂಗೆ?"

ಅವನ ನಗು ನಿಂತಿತು. "ಏನಂದ್ರಿ?"

"ಫೋನ್ ಮಾಡಬೇಕಿತ್ತು ಅಂದೆ."

"ಅದಲ್ಲ. ಕೊನೇಲಿ."

ಆಗ ಅವಳಿಗೆ ಹೊಳೆಯಿತು, ಬಾಯಿತಪ್ಪಿ ಬಂದ ಏಕವಚನ. ಮುಖ ತಿರುಗಿಸಲು ನೋಡಿದಳು. ಅವನು ಬಿಡಲಿಲ್ಲ, ಗ್ಲೌಸಿನ ಕೈಯಲ್ಲೇ ಅವಳ ಬೆರಳು ಹಿಡಿದುಕೊಂಡ.

"ಇನ್ನೊಂದ್ಸಲ ಅನ್ನು," ಎಂದ.

ಅವಳು ಅವನ ಕಣ್ಣಿಗೇ ಕಣ್ಣಿಟ್ಟು ನೋಡಿದಳು.

"ನಿಂಗೆ," ಎಂದಳು.