ನಾಲ್ಕೆಸಳಿನ ಕೇಪಳ

“ಹನ್ನೆರಡಲ್ಲ ಮೇಡಂ... ಹದಿಮೂರು!”

ಬೇಲಿಯಾಚೆಯಿಂದ ಬಂದ ಗಂಡಸಿನ ದನಿಗೆ, ಅಂಗಳದಲ್ಲಿ ಮಕ್ಕಳೊಂದಿಗೆ ಅನಾನಸಿನ ಸಾಲು ಎಣಿಸುತ್ತಿದ್ದ ಅನಿತಾ ಬೆಚ್ಚಿ ತಲೆಯೆತ್ತಿದಳು.

“ಶುರು ಮಾಡಿದ ಸಾಲಿಗೆ ಒಂದು ಗುರುತು ಹಾಕ್ಕೊಳ್ಳಿ. ಇಲ್ಲಾಂದ್ರೆ ಅನಾನಸು ತಿರುಗಿಸುವಾಗ ಒಂದು ತಪ್ಪಿ ಹೋಗುತ್ತೆ” ಎಂದು ಅವನು ಮೆಲ್ಲಗೆ ನಕ್ಕ.

ಅಷ್ಟರಲ್ಲೇ ಹತ್ತು ವರ್ಷದ ಶ್ರೀನಿಧಿಯ ಕೈಯಿಂದ ಅನಾನಸು ಧೊಪ್ಪನೆ ಬಿತ್ತು. ಆ ಹುಡುಗಿ ಬಿಳಿಚಿಕೊಂಡು ಒಳಗೆ ಓಡಿಬಿಟ್ಟಳು!

“ಎಂತಾಯ್ತು ಕೂಸೇ?” ಎನ್ನುತ್ತ ಹೊರಬಂದ ಅಜ್ಜಿ ಶಾರದಾಂಬ ಬೇಲಿಯತ್ತ ನೋಡಿದರು. ಅವರ ಮುಖ ಗಂಟಿಕ್ಕಿತು.

“ಅನಿತಾ, ಆ ಶಾಲೆ ಮೇಷ್ಟ್ರು ಇವ್ರು! ಇಲ್ಲಿಗೆ ಎಂತಕ್ಕೆ ಬಂದ್ರೋ!”

ಆ ಶಾಲೆ... ಅನಿತಾಳಿಗೆ ಅಷ್ಟೇ ಸಾಕಾಗಿತ್ತು. ಪಾಠ ಓದುವಾಗ ಮಾತು ತೊದಲಿತೆಂದು ಶ್ರೀನಿಧಿಗೆ ಬೆತ್ತದ ಏಟು ಬಿದ್ದ ಶಾಲೆ ಅದು. ಆಮೇಲೆ ಮಗು ತಿಂಗಳುಗಟ್ಟಲೆ ಬಾಯಿಯೇ ಬಿಟ್ಟಿರಲಿಲ್ಲ. ಇನ್ನು ಮನೆಯಲ್ಲೇ ಓದಲಿ ಎಂದು ಹೆತ್ತವರು ನಿರ್ಧರಿಸಿದ್ದರು. ಪಕ್ಕದ ಮನೆಯ ಅವಳಿಗಳಾದ ಕಶ್ಯಪ, ಶರಣ್ಯಾ ಕೂಡ ಜೊತೆಗೆ ಸೇರಿದ್ದರು. ಮೂವರಿಗೂ ಅನಿತಾಳೇ ಟೀಚರ್.

“ದಯವಿಟ್ಟು ಹೋಗಿ ಇಲ್ಲಿಂದ” ಎಂದಳು. ಕೂಗಾಡಲು ಅವಳಲ್ಲಿ ಕಸುವಿರಲಿಲ್ಲ.

ಅವನು ತಲೆ ತಗ್ಗಿಸಿ ಹೊರಟುಹೋದ.

ಅದು ೨೦೦೬ರ ಅಕ್ಟೋಬರ್. ಅನಿತಾಳಿಗೆ ಮೂವತ್ತಮೂರು ತುಂಬಿತ್ತು. ಹಾಸಿಗೆ ಹಿಡಿದ ತಾಯಿಯನ್ನು ಆರು ವರ್ಷ ನೋಡಿಕೊಂಡಿದ್ದಳು. ಆ ನಡುವೆ ಗೊತ್ತಾಗಿದ್ದ ಮದುವೆ ಮುರಿದಿತ್ತು. ತಾಯಿಯೂ ಹೋದ ಮೇಲೆ ದಿನಾ ಶೃಂಗೇರಿಯಿಂದ ಕಿಗ್ಗಕ್ಕೆ ಬಸ್ಸು ಹತ್ತುವುದು, ಸಂಜೆ ಮರಳುವುದು, ಅಷ್ಟೇ ಬದುಕು. ಎಷ್ಟು ಮಲಗಿದರೂ ಹೋಗದ ಒಂದು ದಣಿವು ಮೈಗಂಟಿಕೊಂಡಿತ್ತು.

ಮಕ್ಕಳೊಂದಿಗೆ ಹೂವಿನ ಎಸಳು ಎಣಿಸುವಾಗ ಮಾತ್ರ ಅದು ಸ್ವಲ್ಪ ಮರೆಯಾಗುತ್ತಿತ್ತು. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು... ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ದಾಸವಾಳಕ್ಕೆ ಐದು, ಕಾಸ್ಮಾಸ್‌ಗೆ ಎಂಟು. ಅನಾನಸಿನ ಮುಳ್ಳುಗಣ್ಣುಗಳು ಒಂದು ಕಡೆಗೆ ಎಂಟು ಸಾಲು, ಇನ್ನೊಂದು ಕಡೆಗೆ...

ಅವನು ಹೋದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದಳು. ಹದಿಮೂರೇ!

ಮುಂದಿನ ಶನಿವಾರವೂ ಅವನು ಬಂದ. ಒಳಗೆ ಬರಲಿಲ್ಲ. ಗೇಟಿನ ಕಂಬದ ಮೇಲೆ ಒಂದು ಕಾರ್ಡು ಇಟ್ಟು ಹೋದ. ಅದಕ್ಕೆ ಸುರುಳಿಯಾದ ಜರೀಗಿಡದ ಕುಡಿ ಅಂಟಿಸಿತ್ತು. ಅದರ ಮುಂದಿನ ಶನಿವಾರ ಒಂದು ಕಾಡುಹೂ, ಕೆಳಗೆ ಅದರ ಎಸಳಿನ ಲೆಕ್ಕ.

ಹರಿದು ಹಾಕಬೇಕೆಂದುಕೊಂಡಳು ಅನಿತಾ. ಆದರೆ ಶ್ರೀನಿಧಿ ಅವನ್ನು ಪುಸ್ತಕದೊಳಗೆ ಎತ್ತಿಟ್ಟುಕೊಳ್ಳುತ್ತಿದ್ದಳು.

ನಾಲ್ಕನೇ ವಾರದ ಕಾರ್ಡಿನಲ್ಲಿ ಕೆಂಪು ಕೇಪಳದ ಹೂ ಇತ್ತು. ಶ್ರೀನಿಧಿ ತಾನಾಗಿಯೇ ಗಟ್ಟಿಯಾಗಿ ಓದಿದಳು.

“ಇ... ಇದಕ್ಕೆ ನಾಲ್ಕೇ ಎಸಳು. ನಿ... ನಿಮ್ಮ ಲೆಕ್ಕದ ಸಾಲಿಗೆ ಸೇರಲ್ಲ. ಆದ್ರೂ ಎಷ್ಟು ಚೆಂದ ನೋಡು.”

ಶಾರದಾಂಬ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊಮ್ಮಗಳು ಮತ್ತೊಬ್ಬರೆದುರು ಓದಿ ವರ್ಷವೇ ಆಗಿತ್ತು!

ಆ ಸಂಜೆ ಶೃಂಗೇರಿಗೆ ಮರಳುವ ಬಸ್ಸಿನಲ್ಲಿ ಅವನೂ ಇದ್ದ; ಅನಿತಾ ಅವನ ಪಕ್ಕದ ಸೀಟಿಗೇ ಹೋಗಿ ಕುಳಿತಳು. ಹೆಸರು ದೇವರಾಜ. ಈಗ ನರಸಿಂಹರಾಜಪುರದಲ್ಲಿ ಗಣಿತದ ಮೇಷ್ಟ್ರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕೊಪ್ಪದಲ್ಲೊಮ್ಮೆ, ಶೃಂಗೇರಿಯಲ್ಲೊಮ್ಮೆ ಬಸ್ಸು ಬದಲಿಸಿ ಬರುತ್ತಿದ್ದ. ಅವನ ಕಣ್ಣ ಕೆಳಗೂ ಅವಳಂತೆಯೇ ಕಪ್ಪು.

ಇಂಥ ಮನುಷ್ಯನಾ...? ಅವಳ ಎದೆ ನಂಬಲು ಒಪ್ಪಲಿಲ್ಲ. ಕೇಳಿಯೇಬಿಟ್ಟಳು.

“ಆ ಮಗೂಗೆ ಹೊಡೆದದ್ದು ನೀವಾ?”

ದೇವರಾಜ ಕಿಟಕಿಯತ್ತ ಮುಖ ತಿರುಗಿಸಿದ.

“ತಪ್ಪು ನಂದೂ ಇದೆ.”

ಅಷ್ಟೇ! ಅನಿತಾಳೊಳಗೆ ಏನೋ ಮುರಿಯಿತು.

“ಹಾಗಾದ್ರೆ ಇನ್ಮೇಲೆ ಬರಬೇಡಿ... ನಮ್ಮನ್ನ ಬಿಟ್ಟುಬಿಡಿ” ಎಂದು ಎದ್ದು ಹಿಂದಿನ ಸೀಟಿಗೆ ಹೋದಳು. ಯಾಕೆ ಅಳು ಬರುತ್ತಿದೆಯೆಂದು ಅವಳಿಗೇ ತಿಳಿಯಲಿಲ್ಲ.

ಅವನು ಬರುವುದು ನಿಂತಿತು. ಒಂದು ಶನಿವಾರ, ಎರಡು, ಮೂರು... ಪಾಠದ ಮಧ್ಯೆ ಕಣ್ಣು ಗೇಟಿನತ್ತ ಹೋದರೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

“ಟೀಚರ್... ಆ ಸ... ಸರ್ ಯಾಕೆ ಬರಲ್ಲ?” ಶ್ರೀನಿಧಿ ಕೇಳಿದಳು.

“ನಿಂಗೆ ಅವರನ್ನ ಕಂಡ್ರೆ ಭಯ ಅಲ್ವಾ ಪುಟ್ಟಾ?”

“ಶಾಲೆ ನೆ... ನೆನಪಾಗಿ ಓಡಿದ್ದು. ಹೊಡೆದದ್ದು ಅ... ಅವ್ರಲ್ಲ. ಬೇರೆ ಮೇಷ್ಟ್ರು. ಈ ಸರ್ ಓಡಿ ಬಂದು ಬೆತ್ತ ಕ... ಕಸ್ಕೊಂಡ್ರು. ನನ್ನ ಎತ್ಕೊಂಡು ಮನೆ ತನಕ ಬಂದ್ರು.”

ಶಾರದಾಂಬ ತಬ್ಬಿಬ್ಬಾದರು. “ಎತ್ಕೊಂಡು ಬಂದವ್ರೇ ಹೊಡೆದ್ರು ಅಂತ ಮಾಡಿದ್ವಲ್ಲ ಮಾರಾಯ್ತಿ! ಬಾಗಿಲಿಂದಲೇ ಬೈದು ಕಳಿಸಿದ್ದೆ. ಒಂದು ಮಾತೂ ಆಡ್ಲಿಲ್ಲ ಆ ಮನುಷ್ಯ...”

ಬುಧವಾರ ಪಾಠವನ್ನು ಬೇಗ ಮುಗಿಸಿ ಅನಿತಾ ಎರಡು ಕಡೆ ಬಸ್ಸು ಬದಲಿಸುತ್ತ ನರಸಿಂಹರಾಜಪುರಕ್ಕೆ ಹೊರಟಳು. ಶಾಲೆ ಬಿಡುವ ಹೊತ್ತಿಗೆ ತಲುಪಿದಳು. ಜಗುಲಿಯಲ್ಲಿ ಒಬ್ಬನೇ ಕುಳಿತು ಮಕ್ಕಳ ಪಟ್ಟಿಪುಸ್ತಕ ತಿದ್ದುತ್ತಿದ್ದ ದೇವರಾಜ ಅವಳನ್ನು ಕಂಡು ಎದ್ದು ನಿಂತ.

“ಯಾಕೆ ಹೇಳ್ಲಿಲ್ಲ ನೀವು?” ಜಗುಲಿ ಹತ್ತುತ್ತಲೇ ಕೇಳಿದಳು. “ಶ್ರೀನಿಧಿ ಎಲ್ಲಾ ಹೇಳಿದ್ಲು!”

“ಎಲ್ಲಾ ಅಲ್ಲ, ಅನಿತಾ ಅವ್ರೇ.” ಅವನು ಮತ್ತೆ ಕುಳಿತ. “ಆ ದಿನ ನಾನು ಪಕ್ಕದ ಕ್ಲಾಸಲ್ಲೇ ಇದ್ದೆ. ಮೊದಲನೇ ಏಟು ಕೇಳಿಸ್ತು. ಎರಡು... ಮೂರು... ಸೀನಿಯರ್ ಮೇಷ್ಟ್ರು, ನಾನೆಂತ ಹೇಳೋದು ಅಂತ ಸುಮ್ನೆ ಕೂತಿದ್ದೆ. ಮಗು ಚೀರಿದ ಮೇಲೆ ಎದ್ದೆ. ಅವರ ಮೇಲೆ ದೂರು ಕೊಟ್ಟೆ, ಅಲ್ಲಿರೋಕೆ ಮನಸ್ಸಾಗದೆ ವರ್ಗ ಕೇಳಿ ಬಂದೆ. ಆದ್ರೂ ಆ ಮೂರು ಏಟು ನನ್ನ ಕಿವಿ ಬಿಟ್ಟು ಹೋಗಿಲ್ಲ.”

ಅನಿತಾ ಅವನ ಪಕ್ಕದಲ್ಲಿ ಕುಳಿತಳು.

“ನಮ್ಮಮ್ಮ ಕೊನೇ ದಿನ ನೀರು ಕೇಳಿದ್ಲು. ಆರು ವರ್ಷ ನೋಡ್ಕೊಂಡಿದ್ದೆ... ಆವತ್ತು ಸುಸ್ತಾಗಿ ‘ಸ್ವಲ್ಪ ಇರು’ ಅಂತ ರೇಗಿದೆ. ನೀರು ತರೋ ಹೊತ್ತಿಗೆ...” ಯಾರಿಗೂ ಹೇಳದ ಮಾತದು. “ನಾವೂ ಮನುಷ್ಯರೇ ಅಲ್ವಾ ದೇವರಾಜ್? ತಡವಾಗಿ ಏಳ್ತೀವಿ. ಆದ್ರೆ ನೀವು ಎದ್ರಿ.”

ಅವನ ಕಣ್ಣು ತುಂಬಿತು. ಅವಳು ತನ್ನ ಕರವಸ್ತ್ರ ಅವನ ಕೈಗಿತ್ತಳು.

“ಮೊದಲು ಆ ಮಗು ಮಾತಾಡ್ತಾ ಇದೆಯಾ ಅಂತ ನೋಡೋಕೆ ಬಂದೆ” ಎಂದ ಅವನು. “ಆಮೇಲೆ...”

“ಆಮೇಲೆ?”

“ಆಮೇಲೆ ನಿಮ್ಮನ್ನ ನೋಡೋಕೂ. ಬೇಡ ಅಂದ್ರಿ, ನಿಲ್ಲಿಸ್ದೆ. ಆದ್ರೆ ಶನಿವಾರ ಬಂದ್ರೆ ಈಗಲೂ ಬಸ್‌ಸ್ಟ್ಯಾಂಡಿಗೆ ಹೋಗಿ ವಾಪಸ್ ಬರ್ತೀನಿ.”

ಅನಿತಾ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ!

“ನಂಗೆ ತುಂಬಾ ಸುಸ್ತಾಗಿದೆ ದೇವರಾಜ್. ಮೊದಲಿನ ಹಾಗೆ ಹುರುಪೆಲ್ಲ ನನ್ನಲ್ಲಿಲ್ಲ. ಅಂಥವಳ ಜೊತೆ ಬದುಕೋಕೆ ಆಗುತ್ತಾ ನಿಮ್ಗೆ?”

“ನಂಗೂ ಸುಸ್ತೇ.” ಅವನು ಅವಳ ಕೈಯನ್ನು ಮೆಲ್ಲಗೆ ಹಿಡಿದ. “ಇಬ್ರೂ ನಿಧಾನಕ್ಕೆ ಹೋಗೋಣ. ಆಗದೇ?”

“ಹ್ಞೂಂ... ಆದೀತು.”

ಕೊಪ್ಪದ ಬಸ್ಸು ಹಾರ್ನ್ ಹಾಕಿತು. ಅವಳು ಏಳಲಿಲ್ಲ.

“ಬಸ್ಸು ಹೋಗ್ತದೆ” ಎಂದ.

“ಹೋಗ್ಲಿ ಬಿಡಿ. ಇನ್ನೊಂದು ಬರುತ್ತೆ.”