ಅಂಗೈಗೆ ಲೇಬಲ್

ಬುಧವಾರ ಬೆಳಗ್ಗೆ 9.20ಕ್ಕೆ ಔಷಧ ವಸ್ತುಸಂಗ್ರಹಾಲಯ ನಡೆಸುವ ಮೇಷ್ಟ್ರು ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು.

"ಮೇಡಂ, ನೂರು ವರ್ಷದ ಬಾಟಲಿ ಕಳುವಾಗಿದೆ. ಅಫೀಮಿನಿಂದ ಮಾಡಿದ ನೋವಿನ ಔಷಧ."

"ಇನ್ನೂ ಕೆಲಸ ಮಾಡುತ್ತಾ ಅದು?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಅದೇ ಭಯ. ಎರಡು ಚಮಚಕ್ಕೇ ಉಸಿರು ನಿಂತುಹೋಗಬಹುದು. ಬಾಟಲಿ ಹಾಳಾಗ್ಹೋಗ್ಲಿ, ಕದ್ದವನು ಕುಡಿಯೋದ್ರೊಳಗೆ ಹಿಡೀರಿ!"

ಕಳ್ಳನ ಪ್ರಾಣಕ್ಕಾಗಿ ಹೀಗೆ ಒದ್ದಾಡುವ ದೂರುದಾರರನ್ನು ಮೇಡಂ ಕಂಡಿರಲಿಲ್ಲ. 9.35ಕ್ಕೆ ಎಫ್‌ಐಆರ್ ದಾಖಲಾಯಿತು. ವಾರದಿಂದ ಕೆಮ್ಮುತ್ತಿದ್ದ ದಫೇದಾರ 'ಮೀಸೆ'ಯೂ ಜೀಪು ಹತ್ತಿದ.

10.05ಕ್ಕೆ ಪಂಚನಾಮೆ ಶುರುವಾಯಿತು. ಕಪಾಟಿನ ಬೀಗ ಒಡೆದಿರಲಿಲ್ಲ. ಕಳುವಾದ ಬಾಟಲಿಯ ಜಾಗದಲ್ಲಿ ಕೆಮ್ಮಿನ ಔಷಧದ ಹಳೇ ಬಾಟಲಿಯೊಂದಿತ್ತು. ಅದರ ಬೆನ್ನಿನ ತುಂಬ ಔಷಧ ಇಳಿದು ಒಣಗಿದ ಗೆರೆಗಳು. ಲೇಬಲ್ ಮಾತ್ರ ನಿನ್ನೆ ಅಂಟಿಸಿದಷ್ಟು ಶುಭ್ರ. ಇದೇನು ವಿಚಿತ್ರ ಎಂದುಕೊಳ್ಳುತ್ತಲೇ ಮೇಡಂ ಅದನ್ನು ಬರೆಸಿದರು.

ಮೇಷ್ಟ್ರ ಬಾಯಿ ಸುಮ್ಮನಿರಲಿಲ್ಲ. "ಆ ಕಾಲದಲ್ಲಿ ಅಫೀಮನ್ನ ಮದ್ಯದಲ್ಲಿ ಕರಗಿಸಿ ಮಕ್ಕಳ ಕೆಮ್ಮಿಗೂ ಕೊಡ್ತಿದ್ರು. ಚಟ ಹಿಡೀತು. ಅದಕ್ಕೆ ಮಾರ್ಫೀನ್ ಮದ್ದು ಅಂದ್ರು. ಅದರ ಚಟವೂ ಹತ್ತಿದ ಮೇಲೆ ಹೆರಾಯಿನ್ ತಂದ್ರು."

"ಬಾಣಲೆಯಿಂದ ಬೆಂಕಿಗೆ ಬಿದ್ದಂಗೆ," ಎಂದ ಮೀಸೆ, ಕೆಮ್ಮುತ್ತಾ.

ಕಪಾಟಿನ ಕೀಲಿ ಮೂವರ ಬಳಿ ಇತ್ತು: ಮೇಷ್ಟ್ರು, ಗುಡಿಸುವಾಕೆ, ವಾರಕ್ಕೊಮ್ಮೆ ಬಾಟಲಿಗಳ ಧೂಳು ಒರೆಸಲು ಬರುವ ನಿವೃತ್ತ ಕಾಂಪೌಂಡರ್. ಮೇಡಂ ಮೂವರನ್ನೂ ಕೂರಿಸಿ, ಮೀಸೆಯ ಜೇಬಿನಿಂದ ಕೆಮ್ಮಿನ ಔಷಧ ಕಿತ್ತುಕೊಂಡರು.

"ಒಬ್ಬೊಬ್ಬರೂ ಇವನಿಗೆ ಒಂದೊಂದು ಚಮಚ ಹಾಕಿ."

"ಮೇಡಂ, ಮೂರು ಚಮಚಾನಾ?"

"ಬಗ್ಗಿಸಿದ್ರೆ ಸಾಕು, ನೀನು ಕುಡೀಬೇಡ."

ಮೇಷ್ಟ್ರು ಬಗ್ಗಿಸಿದರು; ಒಂದು ಹನಿ ಲೇಬಲ್ ಮೇಲೆ ಇಳಿಯಿತು. ಗುಡಿಸುವಾಕೆ ಬಗ್ಗಿಸಿದಳು, ಇನ್ನೊಂದು ಇಳಿಯಿತು. ಕಾಂಪೌಂಡರ್ ತಾತನ ಕೈ ಗಡಗಡ ನಡುಗುತ್ತಿತ್ತು. ಆದರೂ ಲೇಬಲ್ಲನ್ನು ಅಂಗೈಗೆ ಒತ್ತಿ ಹಿಡಿದು ಬಗ್ಗಿಸಿದರು. ಹನಿ ಬಾಟಲಿಯ ಬೆನ್ನ ಮೇಲೆ ಇಳಿಯಿತು.

ಮೇಡಂ ಆ ಕೈಯನ್ನೇ ನೋಡಿದರು. ಚಿಕ್ಕಂದಿನಲ್ಲಿ ತನಗೆ ಗುಲಾಬಿ ಬಣ್ಣದ ಔಷಧ ಹಾಕಿ, "ಮೂಗು ಮುಚ್ಕೋ ಪುಟ್ಟೀ" ಎನ್ನುತ್ತಿದ್ದ ಕೈ ಅದು.

"ಯಾಕೆ ತಾತ, ಹಾಗೆ ಹಿಡಿದಿರಿ?"

"ಔಷಧ ಸೋರಿ ಹೆಸರು ಅಳಿಸಿದ್ರೆ ಯಾರದೋ ಪ್ರಾಣ ಹೋಗುತ್ತಮ್ಮ. ನಮಗೆ ಮೊದಲನೇ ಪಾಠವೇ ಅದು."

ಮೇಡಂ ಕಪಾಟಿನಲ್ಲಿ ಸಿಕ್ಕಿದ, ಲೇಬಲ್ ಶುಭ್ರವಾಗಿದ್ದ ಬಾಟಲಿಯನ್ನು ಮುಂದಿಟ್ಟರು. ತಾತ ತಲೆ ತಗ್ಗಿಸಿದರು.

"ಅಫೀಮಿನ ಔಷಧ ಕುಡಿದ್ರಾ?" ಮೇಡಂ ಕೇಳಿದರು.

ತಾತ ಕೋಟಿನ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. ಬಾಟಲಿಯ ಅರಗಿನ ಮುದ್ರೆ ಹಾಗೇ ಇತ್ತು. "ಮೂರು ಸಲ ಬಿಚ್ಚೋಕೆ ಹೋದೆ. ಯಾರಾದ್ರೂ ಬಂದು ಹಿಡೀಲಿ ಅಂತ ಕಾಯ್ತಿದ್ದೆ. ಸದ್ಯ, ಬಂದ್ಯಲ್ಲ ಪುಟ್ಟಿ!"

ಮೇಷ್ಟ್ರು ಬಾಟಲಿಯ ಕಡೆ ನೋಡಲೂ ಇಲ್ಲ. ತಾತನನ್ನು ತಬ್ಬಿಕೊಂಡು ಗಳಗಳ ಅತ್ತು, ಹಾಗೇ ನಕ್ಕರು. ಮೀಸೆಗೂ ನಗು ಬಂತು, ಅದರ ಹಿಂದೆಯೇ ಕೆಮ್ಮೂ ಬಂತು. 11.50ಕ್ಕೆ ದಸ್ತಗಿರಿ ಬರೆದಾಯಿತು. ಜೀಪು ಮೊದಲು ಹೋದದ್ದು ಆಸ್ಪತ್ರೆಗೆ.

ಮೊಣಕಾಲಿನ ಆಪರೇಷನ್ ನಂತರ ತಾತನಿಗೆ ಕೊಟ್ಟಿದ್ದ, ಅಫೀಮಿನ ಜಾತಿಯ ನೋವಿನ ಮಾತ್ರೆ ದಿನಕ್ಕೆ ಎರಡಿದ್ದದ್ದು ಎಂಟಾಗಿತ್ತು. ಮಾತ್ರೆ ಸಿಗುವುದು ಒಮ್ಮೆಲೇ ನಿಂತಾಗ ಮೈಯೆಲ್ಲ ಬೆವರು, ನಡುಕ. ನಲವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವರಿಗೆ ತಮಗೇ ಚಟ ಹತ್ತಿದೆ ಎನ್ನಲು ನಾಚಿಕೆ.

"ಹೇಳೋಕೆ ನಾಚಿಕೆ, ಕದಿಯೋಕಿಲ್ಲ!" ಎಂದು ತಾತನ ಹೆಂಡತಿ ಆಸ್ಪತ್ರೆಯಲ್ಲೇ ಬೈದು, ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ.

ನ್ಯಾಯಾಲಯ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಈಗ ಪ್ರತಿ ಬುಧವಾರ ತಾತ ಶಾಲೆಯ ಮಕ್ಕಳ ಮುಂದೆ ಆ ಬಾಟಲಿಯನ್ನು ಹಿಡಿದು ನಿಲ್ಲುತ್ತಾರೆ. ಕೈ ನಡುಗುವುದಿಲ್ಲ. ಲೇಬಲ್ ಮಕ್ಕಳ ಕಡೆಗೆ ತಿರುಗಿರುತ್ತದೆ.

"ಜೋರಾಗಿ ಓದಿ!"

"ಎಳೆ ಮಕ್ಕಳಿಗೂ ಸುರಕ್ಷಿತ. ಚಟ ಹಿಡಿಸುವುದಿಲ್ಲ," ಎಂದು ಇಡೀ ಕೋಣೆ ಕೂಗುತ್ತದೆ.

"ನಾನು ಲೇಬಲ್ ಕಾಪಾಡೋದು ಕಲ್ತಿದ್ದೆ ಮಕ್ಕಳೇ. ಅದನ್ನ ಪ್ರಶ್ನೆ ಮಾಡೋದು ಕಲ್ತಿರಲಿಲ್ಲ."

ಹಿಂದಿನ ಬೆಂಚಿನಲ್ಲಿ ಮೇಡಂ ಪಕ್ಕ ಕೂತ ಮೀಸೆ ಕೆಮ್ಮಿದ.

"ಬಿಸಿನೀರು ಕುಡಿಯಪ್ಪ," ಎಂದರು ತಾತ.