ಗಾಜಿನೊಳಗಿನ ಎರಡು ಗುಳ್ಳೆ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅವಳು ಲೆನ್ಸನ್ನು ಬೆಳಕಿಗೆ ಹಿಡಿದಳು. ಸ್ಟುಡಿಯೊದ ಹಳೆಯ ಲೆನ್ಸಿನ ತುಂಬ ಜೇಡರ ಬಲೆಯಂಥ ಬಿಳಿ ಬೂಷ್ಟು. ನಿನ್ನೆ ಬೆಳಿಗ್ಗೆಯಷ್ಟೇ ಅದರಲ್ಲಿ ಫೋಟೊ ತೆಗೆದಿದ್ದಳು.

“ಹಾಳು ಮಾಡಿಟ್ಟೆಯಲ್ಲೇ!” ಸ್ಟುಡಿಯೊ ಚಿಕ್ಕಪ್ಪನದು. ಗಿರಾಕಿಗಳು ಕೂತಿದ್ದಾರೆಂಬ ಪರಿವೆಯೂ ಇಲ್ಲದೆ ಕೂಗಾಡಿದ. “ಇನ್ನು ಮೇಲೆ ಕ್ಯಾಮೆರಾ ಮುಟ್ಟಬೇಡ.”

“ಮುಟ್ತೀನಿ. ಬೂಷ್ಟು ಒಂದೇ ದಿನದಲ್ಲಿ ಹೀಗೆ ಬೇರು ಬಿಡಲ್ಲ ಚಿಕ್ಕಪ್ಪ. ತಿಂಗಳುಗಟ್ಟಲೆ ಕತ್ತಲು, ತೇವ ಬೇಕು. ಇದು ನಮ್ಮ ಲೆನ್ಸೇ ಅಲ್ಲ.”

“ನಂಬರ್ ಅದೇ ಇದೆಯಲ್ಲ?”

ಇತ್ತು. ಆದರೆ ನಂಬರು ಕೆತ್ತಿದ, ಗಾಜಿನ ಸುತ್ತ ಕೂರುವ ಲೋಹದ ಬಳೆಯ ಅಂಚಿನಲ್ಲಿ ಹೊಸ ಗೀರುಗಳು ಮಿನುಗುತ್ತಿದ್ದವು. ಯಾರೋ ಬಳೆ ಬಿಚ್ಚಿ ಇನ್ನೊಂದು ಲೆನ್ಸಿಗೆ ಹಾಕಿ ಕಣ್ಣಿಗೆ ಮಣ್ಣೆರಚಿದ್ದರು.

“ಕಟ್ಟುಕಥೆ,” ಎಂದ ಚಿಕ್ಕಪ್ಪ. “ತಪ್ಪಾಯ್ತು ಅನ್ನು, ಸಾಕು.”

“ಮಾಡದ ತಪ್ಪಿಗೆ ಅನ್ನಲ್ಲ. ಕಳ್ಳನ್ನ ಹಿಡಿದು ತೋರಿಸ್ತೀನಿ.”

*

ಬಳೆ ಬಿಚ್ಚುವ ಉಪಕರಣ ಇದ್ದದ್ದು ಸ್ಟುಡಿಯೊದಲ್ಲಿ ಲೈಟ್ ಹಿಡಿಯುವ ಕೆಲಸದ ಅಣ್ಣನ ಪೆಟ್ಟಿಗೆಯಲ್ಲಿ.

“ನನ್ನ ಮೇಲೇ ಅನುಮಾನವಾ ತಂಗೀ?” ಮುಖ ಊದಿಸಿಕೊಂಡೇ ಕೊಟ್ಟ. ತುಕ್ಕು ಹಿಡಿದ ಅದರ ಕಾಲುಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ; ಅದನ್ನು ಈಚೆಗೆ ಯಾರೂ ಬಳಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

“ತಪ್ಪಾಯ್ತಣ್ಣ. ನಿನ್ನೆ ನಾವು ಊಟಕ್ಕೆ ಹೋದಾಗ ಇಲ್ಲಿ ಯಾರಿದ್ರು?”

“ಹಳೆ ಕ್ಯಾಮೆರಾ ವ್ಯಾಪಾರಿ. ಸ್ಟ್ಯಾಂಡ್ ಕೊಳ್ಳೋಕೆ ಬಂದೋನು, ಕಾಯ್ತೀನಿ ಅಂತ ಒಬ್ಬನೇ ಕೂತಿದ್ದ.”

ಕೂತದ್ದು ಅಪರಾಧವಲ್ಲ. ಸಾಕ್ಷಿ ಬೇಕಿತ್ತು.

*

ಮಧ್ಯಾಹ್ನ ಚಿಕ್ಕಪ್ಪ ಬೂಷ್ಟು ಹಿಡಿದ ಲೆನ್ಸಿಗೆ ಬೆಲೆ ಕಟ್ಟಿಸಲು ಅದೇ ವ್ಯಾಪಾರಿಯನ್ನು ಕರೆಸಿದ.

“ಈ ಲೆನ್ಸ್ ಮುಂಚೆ ನೋಡಿದ್ರಾ?” ಅವಳು ಕೇಳಿದಳು.

“ಇವತ್ತೇ ಮೊದಲು.” ಗಾಜಿನ ಮೇಲೆ ಒಮ್ಮೆ ಕಣ್ಣಾಡಿಸಿದ. ಕೊಳ್ಳುವ ಮಾಲನ್ನು ಹಳಿಯುವುದು ಅವನ ಹೊಟ್ಟೆಪಾಡು. ಬೆಲೆ ಇಳಿಯುವವರೆಗೆ ಬಾಯಿ ನಿಲ್ಲದು. “ಬೂಷ್ಟು ಗಾಜನ್ನೇ ತಿಂದುಬಿಟ್ಟಿದೆ. ಸಾಲದ್ದಕ್ಕೆ ಒಳಗಡೆ ಎರಡು ಗಾಳಿಗುಳ್ಳೆ. ಗುಜರಿ ಲೆಕ್ಕದಲ್ಲಿ ತಗೋತೀನಿ.”

ಅವಳು ನಕ್ಕೇಬಿಟ್ಟಳು. ಟಾರ್ಚ್ ಹೊತ್ತಿಸಿ ಲೆನ್ಸಿನ ಹಿಂದೆ ಹಿಡಿದಳು. “ಗುಳ್ಳೆ ತೋರಿಸಿ.”

ಅವನು ಓರೆ ಮಾಡಿ ನೋಡಿದ. ತಿರುಗಿಸಿ ನೋಡಿದ. ಇದ್ದರಲ್ಲವೇ ಕಾಣುವುದು!

“ಗುಳ್ಳೆ ಇರೋದು ನಮ್ಮ ಲೆನ್ಸಲ್ಲಿ. ಗಾಜು ಮಾಡುವಾಗ ಉಳಿದದ್ದು, ಫೋಟೊಗೆ ಏನೂ ಆಗಲ್ಲ. ಟಾರ್ಚ್ ಹಿಡಿದು ನೋಡಿದೋರಿಗೆ ಮಾತ್ರ ಕಾಣುತ್ತೆ. ನಿಮಗೆ ಹೇಗೆ ಗೊತ್ತಾಯ್ತು? ನಿನ್ನೆ ಅದನ್ನ ಕದ್ರಿ. ನಿಮ್ಮ ಬೂಷ್ಟು ಲೆನ್ಸಿಗೆ ನಮ್ಮ ಬಳೆ ತೊಡಿಸಿದ್ರಿ. ಈಗ ಗುಜರಿ ನೆಪದಲ್ಲಿ ಸಾಕ್ಷೀನೂ ಒಯ್ಯೋಕೆ ಬಂದ್ರಿ.”

ವ್ಯಾಪಾರಿ ಬಾಗಿಲಿಗೆ ಓಡಿದ. ಲೈಟಿನ ಅಣ್ಣ ಅಡ್ಡ ನಿಂತು ಚೀಲ ಕಸಿದುಕೊಂಡ. ಇಲ್ಲಿಂದ ನೇರ ಅದನ್ನು ಮಾರಲು ಹೊರಡುವವನಿದ್ದನೋ ಏನೋ, ಕದ್ದ ಲೆನ್ಸ್ ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲೇ ಇತ್ತು. ಟಾರ್ಚಿನ ಬೆಳಕಿಗೆ ಎರಡು ಗುಳ್ಳೆಗಳು ಹೊಳೆದವು.

“ಏನೋ ಕೋಪದಲ್ಲಿ ಅಂದುಬಿಟ್ಟೆ ಮಗಳೇ, ತಪ್ಪಾಯ್ತು,” ಚಿಕ್ಕಪ್ಪ ಅವಳ ಕಿವಿಗಷ್ಟೇ ಕೇಳುವಂತೆ ಗೊಣಗಿದ.

“ಬೈದದ್ದು ಗಿರಾಕಿಗಳ ಮುಂದೆ. ಇದನ್ನೂ ಅವರ ಮುಂದೆ, ಅಷ್ಟೇ ಗಟ್ಟಿಯಾಗಿ ಹೇಳಿ.”

ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ವ್ಯಾಪಾರಿಯತ್ತ ತಿರುಗಿಸಿದಳು.

“ಅಲ್ಲಾಡಬೇಡಿ. ಪೊಲೀಸರಿಗೆ ಒಂದು ಒಳ್ಳೆ ಫೋಟೊ ಬೇಕಾಗುತ್ತೆ.”